ಒಂದು ರನ್ನಿಗೆ 310 ರೂಪಾಯಿ: ಹದಿಮೂರರ ಹುಡುಗನ ಆಪ್ತಸಲಹೆ ಪ್ರಕರಣ

(ಗುರುತು ಸಿಗದಂತೆ ಹೆಸರು, ಉದ್ಯೋಗ, ಕೆಲವು ವಿವರಗಳನ್ನು ಬದಲಿಸಲಾಗಿದೆ.)

ಹುಡುಗನಿಗೆ 13 ವರ್ಷ. ಹುಬ್ಬಳ್ಳಿಯ ಶಾಲೆಯೊಂದರಲ್ಲಿ ಎಂಟನೇ ತರಗತಿ. ಖಾಸಗಿ ಕ್ರಿಕೆಟ್ ಅಕಾಡೆಮಿ ಸೇರಿ ಒಂದು ವರ್ಷವಾಗುತ್ತ ಬಂದಿತ್ತು. ಕಳೆದ ಎರಡು ತಿಂಗಳಿಂದ ಶನಿವಾರ ಬೆಳಿಗ್ಗೆ ಅಭ್ಯಾಸ ಪಂದ್ಯಕ್ಕೆ ಹೊರಡುವ ಹೊತ್ತಿಗೆ ವಾಂತಿ ಶುರುವಾಗುತ್ತಿತ್ತು. ಮಕ್ಕಳ ವೈದ್ಯರು ಪರೀಕ್ಷಿಸಿ ಹೊಟ್ಟೆಯಲ್ಲಿ ಏನೂ ತೊಂದರೆಯಿಲ್ಲ ಎಂದ ಮೇಲೆ ತಾಯಿ ಆಪ್ತಸಲಹೆಗೆಂದು ನಮ್ಮಲ್ಲಿಗೆ ಕರೆತಂದರು. “ಸೋಮವಾರದಿಂದ ಶುಕ್ರವಾರ ತನಕಾ ಆರಾಮ ಇರ್ತಾನ್ರಿ ಮೇಡಂ. ಶನಿವಾರ ಬಂತಂದ್ರ ಮುಂಜಾನೆ ಎದ್ದಕೂಡ್ಲೆ ಶುರು.” ಅದೇ ಹೊತ್ತಿಗೆ ಇನ್ನೊಂದು ಸಂಗತಿಯೂ ಹೊರಬಿದ್ದಿತ್ತು. ಹೊಸ ಜರ್ಸಿಗೆ ಹಣ ಕಟ್ಟಬೇಕೆಂದು ಅಕಾಡೆಮಿ ಕೊಟ್ಟ ಚೀಟಿಯನ್ನು ಹುಡುಗ ಮೂರು ವಾರ ಶಾಲೆಯ ಚೀಲದಲ್ಲೇ ಮುಚ್ಚಿಟ್ಟಿದ್ದ.

ತಂದೆ ಗೋಕುಲ ರಸ್ತೆಯ ಸಣ್ಣ ಕಾರ್ಖಾನೆಯಲ್ಲಿ ಲೇತ್ ಆಪರೇಟರ್, ತಿಂಗಳಿಗೆ 21,000. ತಾಯಿ ಮನೆಯಲ್ಲೇ ಬ್ಲೌಸ್ ಹೊಲಿದು ಸುಮಾರು 6,000 ಗಳಿಸುತ್ತಾರೆ. ಅಕ್ಕ ಪಿಯುಸಿ ಮೊದಲ ವರ್ಷ, ವಿಜ್ಞಾನ.

ಮೊದಲ ಭೇಟಿಯಲ್ಲಿ ತಂದೆಯ ಅನುಮಾನ ಸರಳವಾಗಿತ್ತು. ಹುಡುಗನಿಗೆ ಆಟ ಸಾಕಾಗಿದೆ, ಹೇಳಲು ಹೆದರುತ್ತಿದ್ದಾನೆ. ಹಾಗಿರಲಿಲ್ಲ. ಒಬ್ಬನೇ ಕೂತಾಗ ಆಟದ ಬಗ್ಗೆ ಕೇಳಿದರೆ ಕಣ್ಣು ಅರಳುತ್ತಿತ್ತು. ಆಫ್ ಸ್ಟಂಪ್ ಹೊರಗಿನ ಚೆಂಡನ್ನು ಬಿಡುವುದು ಹೇಗೆ ಎಂದು ಎದ್ದು ನಿಂತು ತೋರಿಸಿದ. ಬ್ಯಾಟಿನ ಮಾತು ತೆಗೆದರೆ ಮಾತ್ರ ಮೌನ. ಮೂರನೇ ಭೇಟಿಯಲ್ಲಿ ಗಣಿತದ ನೋಟ್‌ಬುಕ್ಕಿನ ಕೊನೆಯ ಹಾಳೆ ತೋರಿಸಿದ. ಮನೆಯವರು ತನ್ನ ಕ್ರಿಕೆಟ್ಟಿಗೆ ಹಾಕಿದ ಹಣವನ್ನು ಕಿವಿಗೆ ಬಿದ್ದ ಮಾತುಗಳಿಂದಲೇ ಕೂಡಿಸಿ ಬರೆದಿದ್ದ: 58,000. ಪಂದ್ಯಗಳಲ್ಲಿ ಹೊಡೆದ ರನ್ 187. ಭಾಗಿಸಿದ್ದ. ಒಂದು ರನ್ನಿಗೆ 310 ರೂಪಾಯಿ. ಸೊನ್ನೆಗೆ ಔಟಾದ ದಿನ ಆ ಅಂಕಿ ಇನ್ನೂ ಮೇಲೇರುತ್ತದೆ ಎಂಬುದೇ ಶನಿವಾರದ ವಾಂತಿಯ ಬೇರು.

ಈ ಹಾಳೆಯನ್ನು ತಂದೆತಾಯಿಗೆ ತೋರಿಸಬಹುದೇ ಎಂದು ಅವನನ್ನೇ ಕೇಳಿದೆವು. ಒಪ್ಪಿದ. ಬ್ಯಾಟಿನ ತುದಿ ಸೀಳಿದ್ದನ್ನು ಹೇಳಬಾರದು ಎಂದ. ಮುಂದಿನ ಭೇಟಿಯಲ್ಲಿ ಅದನ್ನೂ ತಾನೇ ಹೇಳಿದ. ಇಂಥ ಪ್ರಕರಣದಲ್ಲಿ ಹುಡುಗನ ಒಪ್ಪಿಗೆಯಿಲ್ಲದೆ ದೊಡ್ಡವರ ಮುಂದೆ ಗುಟ್ಟು ಬಿಚ್ಚಿದರೆ ಆಮೇಲೆ ಅವನಿಂದ ಒಂದು ಮಾತೂ ಬರುವುದಿಲ್ಲ.

ಲೆಕ್ಕ ಕೂಡಿಸಿದಾಗ

“ತಿಂಗಳಿಗೆ 1,800 ಅಷ್ಟೇರಿ” ಎಂದಿದ್ದರು ತಂದೆ. ವರ್ಷಕ್ಕೆ 21,600. ಉಳಿದದ್ದು ಬಿಡಿಬಿಡಿಯಾಗಿ ಕೈಬಿಟ್ಟು ಹೋಗಿದ್ದರಿಂದ ಯಾರೂ ಕೂಡಿಸಿರಲಿಲ್ಲ. ರಸೀದಿ, ಫೋನ್‌ಪೇ ದಾಖಲೆ ತರಿಸಿ ಒಟ್ಟಿಗೆ ಬರೆದೆವು. ಪ್ರವೇಶ ಶುಲ್ಕ 4,000. ಎರಡು ಜತೆ ಬಿಳಿ, ಒಂದು ಜತೆ ಬಣ್ಣದ ಜರ್ಸಿ, ಟ್ರ್ಯಾಕ್‌ಸೂಟ್, ಕ್ಯಾಪ್ ಸೇರಿ 5,400. ಕಿಟ್ 15,500, ಅದರಲ್ಲಿ ಬ್ಯಾಟ್ ಒಂದಕ್ಕೇ 6,500, ಹೆಲ್ಮೆಟ್ 2,400, ಪ್ಯಾಡ್ 2,200, ಬ್ಯಾಗ್ 2,000, ಗ್ಲೌಸ್ 1,300, ಎಲ್ ಗಾರ್ಡ್ (ಜನನಾಂಗಕ್ಕೆ ಏಟು ಬೀಳದಂತೆ ಒಳಗೆ ಹಾಕುವ ಕವಚ) ಮತ್ತು ತೊಡೆಯ ಪ್ಯಾಡ್ ಸೇರಿ 1,100. ಶೂ 3,000. ನಾಲ್ಕು ಟೂರ್ನಿಗಳ ಪ್ರವೇಶ, ಪ್ರಯಾಣ, ವಸತಿ 17,500. ಮೈದಾನಕ್ಕೆ ಹೋಗಿಬರುವ ಪೆಟ್ರೋಲ್ 6,000. ಒಟ್ಟು 73,000. ಅಂದುಕೊಂಡಿದ್ದರ ಮೂರು ಪಟ್ಟಿಗಿಂತ ಹೆಚ್ಚು, ಮನೆಯ ವರ್ಷದ ಗಳಿಕೆಯ ಐದರಲ್ಲೊಂದು ಭಾಗಕ್ಕಿಂತ ಹೆಚ್ಚು.

ಈ ಹಣ ಬಂದದ್ದು ಎಲ್ಲಿಂದ? ತಾಯಿ ಮಹಿಳಾ ಸಂಘದಲ್ಲಿ 30,000 ಸಾಲ ತೆಗೆದಿದ್ದರು, ತಿಂಗಳ ಕಂತು 2,500. ಅಕ್ಕ ಗಣಿತ-ಭೌತಶಾಸ್ತ್ರದ ಟ್ಯೂಷನ್ ಬಿಟ್ಟಿದ್ದಳು. “ನನಗ ಬ್ಯಾಡ, ನಾನ ಓದ್ಕೋತೀನಿ” ಎಂದು ತಾನೇ ಹೇಳಿದಳಂತೆ. ಹೆಣ್ಣುಮಕ್ಕಳು ಹೀಗೆ ತಾವಾಗಿಯೇ ಹಿಂದೆ ಸರಿದಾಗ ಅದನ್ನು ಒಪ್ಪಿಗೆ ಎಂದು ತಿಳಿಯಬಾರದು. ಒಂದು ಮಗುವಿನ ಆಟದ ಖರ್ಚು ಇನ್ನೊಂದು ಮಗುವಿನ ಓದಿನಿಂದ ಹೋಗುತ್ತಿದೆಯೇ ಎಂಬುದನ್ನು ನಾವು ಪ್ರತಿ ಇಂಥ ಕುಟುಂಬದಲ್ಲೂ ಕೇಳುತ್ತೇವೆ. ಇಲ್ಲೂ ಅಕ್ಕನನ್ನು ಒಂದು ಭೇಟಿಗೆ ಕರೆಸಿಕೊಂಡೆವು.

ತಂದೆಗೆ ಆ ಹಾಳೆ ತೋರಿಸಿದಾಗ ಬಹಳ ಹೊತ್ತು ಮಾತಾಡಲಿಲ್ಲ. ಪಂದ್ಯ ಮುಗಿಸಿ ಸ್ಕೂಟರ್ ಮೇಲೆ ಬರುವಾಗ “ಇಷ್ಟ್ ರೊಕ್ಕಾ ಹಾಕೇವಿ, ನೋಡ್ಕೊಂಡ್ ಆಡಬೇಕಲ್ಲಪಾ” ಎಂದು ಹೇಳುತ್ತಿದ್ದುದು ಅವರೇ. ಬೈಗುಳವಲ್ಲ, ಹುರಿದುಂಬಿಸುವ ಮಾತೆಂದೇ ಅವರು ಅಂದುಕೊಂಡಿದ್ದರು. “ಸುನಿಲ್ ಜೋಶಿ ಗದಗಿನಿಂದ ದಿನಾ ಮುಂಜಾನೆ ಹುಬ್ಬಳ್ಳಿಗೆ ಬಂದು ಪ್ರಾಕ್ಟೀಸ್ ಮಾಡಿ ಮತ್ತ ಸಾಲಿಗೆ ಹೋಗ್ತಿದ್ರಂತ. ಕಷ್ಟ ಗೊತ್ತಾಗಲಿ ಅಂತ ಹೇಳ್ತಿದ್ದೆ” ಎಂದರು. ಭಾರತ ತಂಡಕ್ಕೆ ಆಡಿದ ಜೋಶಿಯವರ ಉದಾಹರಣೆ ಈ ಭಾಗದ ಬಹಳ ಮನೆಗಳಲ್ಲಿ ಬರುತ್ತದೆ, ಬರಬೇಕಾದದ್ದೇ. ಆದರೆ ಬೆಳಿಗ್ಗೆ ಎದ್ದು ಅಷ್ಟು ದೂರ ಹೋಗಿಬರುವುದು ಮಗು ತಾನೇ ಪಡುವ ಶ್ರಮ. ಮನೆಯ ಸಾಲ ಹಾಗಲ್ಲ. ಅದನ್ನು ತೀರಿಸುವ ದಾರಿ ಹದಿಮೂರರ ಹುಡುಗನ ಕೈಯಲ್ಲಿಲ್ಲ. ಇದ್ದದ್ದು ಬ್ಯಾಟ್ ಮಾತ್ರ, ಅದರಿಂದಲೇ ತೀರಿಸಲು ಹೊರಟಿದ್ದ.

ಕೊಟ್ಟ ಸಲಹೆ

ಮೊದಲು ಮಾತಿನ ಕ್ರಮ. ರನ್ನಿನ ಮಾತು, ರೊಕ್ಕದ ಮಾತು ಒಂದೇ ಸಂಭಾಷಣೆಯಲ್ಲಿ ಬರಬಾರದು. ಮೈದಾನದಿಂದ ಮನೆಗೆ ಬರುವ ದಾರಿಯಲ್ಲಿ ತಂದೆ ಆಟದ ವಿಚಾರ ತೆಗೆಯುವುದಿಲ್ಲ. ಹುಡುಗ ತೆಗೆದರೆ ಕೇಳಿಸಿಕೊಳ್ಳುವುದು. ಹಣದ ಮಾತು ತಿಂಗಳ ಮೊದಲ ಭಾನುವಾರ, ಮನೆಯಲ್ಲಿ, ಲೆಕ್ಕದ ಪುಸ್ತಕ ಮುಂದಿಟ್ಟುಕೊಂಡು. ಅಲ್ಲಿ ಮಕ್ಕಳಿಬ್ಬರೂ ಮೊದಲ ಹತ್ತು ನಿಮಿಷ ಇರಲಿ. ವರ್ಷದ ಮಿತಿ ಎಷ್ಟು, ಎಷ್ಟು ಖರ್ಚಾಗಿದೆ, ಎಷ್ಟು ಉಳಿದಿದೆ ಎಂಬುದು ಅವರಿಗೆ ಗೊತ್ತಿರಬೇಕು. ಸಂಘದ ಕಂತು ತಪ್ಪಿದ್ದು, ಯಾರ ಹತ್ತಿರ ಕೈಗಡ ತಂದದ್ದು ಅವರ ಮುಂದೆ ಬೇಡ. ಪೂರ್ತಿ ಮುಚ್ಚಿಟ್ಟರೆ ಮಗು ಕದ್ದು ಕೇಳಿ ತನ್ನದೇ ಲೆಕ್ಕ ಕಟ್ಟಿಕೊಳ್ಳುತ್ತದೆ. ಪೂರ್ತಿ ಬಿಚ್ಚಿಟ್ಟರೆ ಭಾರ ಅದರ ಹೆಗಲಿಗೆ ಬೀಳುತ್ತದೆ. ಒಂದು ಮಾತನ್ನು ತಂದೆಯೇ, ತಮ್ಮ ಬಾಯಿಂದಲೇ ಹೇಳಬೇಕೆಂದು ಕೇಳಿಕೊಂಡೆವು. ನಮ್ಮ ಎದುರಿನಲ್ಲೇ ಹೇಳಿದರು: “ಇದು ಸಾಲ ಅಲ್ಲಪಾ. ನೀ ತೀರಿಸೂದು ಏನೂ ಇಲ್ಲ. ಎಷ್ಟ್ ಆಕ್ಕೈತಿ ಅಷ್ಟ ಹಾಕ್ತೀವಿ.”

ಮಿತಿ ಕಟ್ಟಿದ್ದು ಹೀಗೆ. ತಿಂಗಳ 27,000ದಲ್ಲಿ ಬಾಡಿಗೆ 6,000, ಕಿರಾಣಿ-ಗ್ಯಾಸ್ 8,500, ಇಬ್ಬರ ಶಾಲೆ-ಕಾಲೇಜು 3,000, ಕಂತು 2,500, ಔಷಧ ಮತ್ತಿತರ 1,000. ಉಳಿಯುವುದು 6,000. ಹಿಂದಿನ ವರ್ಷ ಕ್ರಿಕೆಟ್ ತಿಂಗಳಿಗೆ 6,000ಕ್ಕಿಂತ ಹೆಚ್ಚು ತಿಂದಿತ್ತು, ಅಂದರೆ ಉಳಿತಾಯವೇ ಇಲ್ಲ. ಉಳಿದದ್ದರಲ್ಲಿ ಅರ್ಧ, 3,000 ಮಾತ್ರ ಆಟಕ್ಕೆ, ವರ್ಷಕ್ಕೆ 36,000. ಇನ್ನರ್ಧದಲ್ಲಿ ಅಕ್ಕನ ಟ್ಯೂಷನ್ನಿಗೆ 1,000, ಮಿಕ್ಕದ್ದು ಕೈಯಲ್ಲಿ. ಆದಾಯದ ಮೇಲೆ ಶೇಕಡಾವಾರು ಹಾಕುವುದಕ್ಕಿಂತ ಹೀಗೆ ಉಳಿಕೆಯ ಮೇಲೆ ಹಾಕುವುದು ಒಳ್ಳೆಯದು. ಬಾಡಿಗೆ ಹೆಚ್ಚಾದ ವರ್ಷ ಮಿತಿ ತಾನಾಗಿಯೇ ಇಳಿಯುತ್ತದೆ.

ಅಕಾಡೆಮಿಯವರೊಂದಿಗೆ ಮಾತಾಡಲು ತಂದೆಗೆ ನಾಚಿಕೆ. “ನಾವೇನ್ ಭಿಕ್ಷಾ ಬೇಡಬೇಕೇನ್ರಿ?” ಆದ್ದರಿಂದ ಮಾತನ್ನೇ ಬದಲಿಸಿದೆವು. “ಕಡಿಮಿ ಮಾಡ್ರಿ” ಎನ್ನುವುದು ಬೇಡ. “ಸರ್, ಈ ವರ್ಷ ನಾವು 36,000 ಹಾಕಬಲ್ಲೆವು. ಇದರಾಗ ಏನೇನು ಕೂಡಿಸಬಹುದು ಹೇಳ್ರಿ” ಎನ್ನುವುದು. ಅಭ್ಯಾಸದ ಹೊತ್ತಲ್ಲಿ ಹೋಗಬಾರದು, ಹುಡುಗ ಜತೆಗಿರಬಾರದು, ಒಪ್ಪಿಕೊಂಡದ್ದನ್ನು ಅಂದೇ ವಾಟ್ಸ್ಆ್ಯಪ್‌ನಲ್ಲಿ ಬರೆದು ಕಳಿಸಬೇಕು. ಸಿಕ್ಕಿದ್ದು: ವಾರಕ್ಕೆ ನಾಲ್ಕು ದಿನದ ಬ್ಯಾಚ್, ತಿಂಗಳಿಗೆ 1,200, ಪ್ಯಾಂಟ್ ಹೊರಗೆ ಹೊಲಿಸಿಕೊಳ್ಳಲು ಅನುಮತಿ. ಸಿಗದದ್ದು: ಟೂರ್ನಿ ಪ್ರವೇಶ ಶುಲ್ಕದಲ್ಲಿ ರಿಯಾಯಿತಿ. ಹಾಗಾಗಿ ನಾಲ್ಕರ ಬದಲು ಎರಡೇ ಟೂರ್ನಿ, 8,500ರೊಳಗೆ. ಟೂರ್ನಿ ಆರಿಸುವಾಗ ಒಂದು ಎಚ್ಚರ ಹೇಳಿದೆವು. ಕರಪತ್ರದಲ್ಲಿ ‘ರಾಷ್ಟ್ರಮಟ್ಟದ’ ಎಂದು ಅಚ್ಚಾದ ಮಾತ್ರಕ್ಕೆ ಅದು ರಾಷ್ಟ್ರಮಟ್ಟದ್ದಾಗುವುದಿಲ್ಲ. ಕರ್ನಾಟಕ ರಾಜ್ಯ ಕ್ರಿಕೆಟ್ ಸಂಸ್ಥೆಯ (ಕೆಎಸ್‌ಸಿಎ) ಧಾರವಾಡ ವಲಯದ ವಯೋಮಿತಿ ತಂಡಕ್ಕೆ ಆಯ್ಕೆಯಾಗಲು ಖಾಸಗಿ ಲೀಗಿಗೆ ಹಣ ಕಟ್ಟುವುದು ದಾರಿಯಲ್ಲ. ಶಾಲಾ ಕ್ರೀಡಾಕೂಟದ ತಾಲ್ಲೂಕು, ಜಿಲ್ಲೆ, ಬೆಳಗಾವಿ ವಿಭಾಗ, ರಾಜ್ಯ ಎಂಬ ಮೆಟ್ಟಿಲುಗಳಿಗೆ ಶಾಲೆಯ ದೈಹಿಕ ಶಿಕ್ಷಕರ ಮೂಲಕವೇ ಹೋಗಬಹುದು.

ಬಟ್ಟೆಯ ವಿಷಯದಲ್ಲಿ ತಾಯಿಯ ಕಸುಬೇ ಕೈಹಿಡಿಯಿತು. ಅಕಾಡೆಮಿಯ ಲಾಂಛನ ಇರುವುದು ಅಂಗಿಯ ಮೇಲೆ ಮಾತ್ರ. ಅದನ್ನು ಒಂದೇ ಕೊಂಡರು. ಪ್ಯಾಂಟಿಗೆ ಸ್ವಲ್ಪ ಹಿಗ್ಗುವ ಪಾಲಿಯೆಸ್ಟರ್ ಹೆಣೆದ ಬಟ್ಟೆ. ಬಿಳಿಯಲ್ಲೂ ಹಾಲುಬಿಳಿ, ಕೆನೆಬಿಳಿ ಬೇರೆಬೇರೆ. ಅಂಗಿಯನ್ನು ಅಂಗಡಿಗೆ ಒಯ್ದು ಬಿಸಿಲಿನಲ್ಲಿ ಹಿಡಿದು ನೋಡಿ ಕೊಳ್ಳಬೇಕು. ಕಾಲಿನ ಅಂಚಿನಲ್ಲಿ 3 ಇಂಚು ಒಳಗೆ ಮಡಚಿ ಹೊಲಿದರೆ ಬೆಳೆಯುವ ಹುಡುಗನಿಗೆ ಎರಡನೇ ವರ್ಷಕ್ಕೂ ಬರುತ್ತದೆ. ಸೊಂಟಕ್ಕೆ ಇಲಾಸ್ಟಿಕ್ ಜತೆಗೆ ಲಾಡಿ. ಮೊಣಕಾಲಿನಲ್ಲಿ ಒಳಗಿನಿಂದ ಇನ್ನೊಂದು ಪದರ, ಯಾಕೆಂದರೆ ಚೆಂಡಿಗೆ ಬೀಳುವಾಗ ಹರಿಯುವುದು ಅಲ್ಲೇ. ಜರ್ಸಿಯ ಬೆನ್ನಿಗೆ ಹೆಸರು ಅಚ್ಚು ಹಾಕಿಸಬೇಡಿ ಎಂದೆವು, ಸಂಖ್ಯೆ ಸಾಕು. ಹೆಸರಿದ್ದರೆ ಸಣ್ಣದಾದ ಮೇಲೆ ಇನ್ನೊಬ್ಬ ಹುಡುಗ ಹಾಕಿಕೊಳ್ಳುವುದಿಲ್ಲ.

ಹಣ ನಿಜವಾಗಿ ಹಾಳಾದದ್ದು ಬ್ಯಾಟಿನಲ್ಲಿ. “ಬೆಳೀತಾನ, ಮುಂದಕ್ಕ ಬರತೈತಿ” ಎಂದು ತಂದೆ ಒಂದು ಅಳತೆ ದೊಡ್ಡದನ್ನೇ ಕೊಂಡಿದ್ದರು. ಉದ್ದ, ಭಾರ ಹೆಚ್ಚಿದ್ದರೆ ಬ್ಯಾಟ್ ತಡವಾಗಿ ಕೆಳಗಿಳಿಯುತ್ತದೆ, ಮಣಿಕಟ್ಟು ನೋಯುತ್ತದೆ, ಕಟ್ ಹೊಡೆತ ಬರುವುದೇ ಇಲ್ಲ. ಶೂ ಹಾಕಿ ನೆಟ್ಟಗೆ ನಿಂತು ಬ್ಯಾಟನ್ನು ಕಾಲಿನ ಪಕ್ಕ ನಿಲ್ಲಿಸಿದರೆ ಹಿಡಿಕೆಯ ತುದಿ ತೊಡೆಯ ಸಂದಿಯ ಮಟ್ಟಕ್ಕೆ ಬರಬೇಕು. ಮೇಲಿನ ಕೈಯೊಂದರಲ್ಲೇ ಮುಂದೆ ಚಾಚಿ ಹಿಡಿದಾಗ ಹದಿನೈದು ಸೆಕೆಂಡಿನೊಳಗೆ ತೋಳು ಜಗ್ಗಿದರೆ ಅದು ಭಾರ. ಈ ಬ್ಯಾಟನ್ನು ಪಳಗಿಸದೆ ಲೆದರ್ ಚೆಂಡಿಗೆ ಒಡ್ಡಿದ್ದರಿಂದಲೇ ತುದಿ ಸೀಳಿತ್ತು. ಬ್ಯಾಟಿನ ಮರ ಕಾಶ್ಮೀರಿ ವಿಲ್ಲೋ ಆಗಲಿ ಇಂಗ್ಲಿಷ್ ವಿಲ್ಲೋ ಆಗಲಿ, ಹೊಸದಾದಾಗ ಕಚ್ಚಾ ಅಗಸೆ ಎಣ್ಣೆಯನ್ನು ಮುಖ, ಅಂಚು, ತುದಿಗೆ ತೆಳುವಾಗಿ ಸವರಬೇಕು. ಹಿಡಿಕೆ ಸೇರುವ ಜಾಗಕ್ಕೆ ತಾಗಬಾರದು. ಅಡ್ಡ ಮಲಗಿಸಿ ಒಂದು ರಾತ್ರಿ ಒಣಗಿಸಿ ಮತ್ತೊಮ್ಮೆ ಸವರಬೇಕು. ಆಮೇಲೆ ಮರದ ಸುತ್ತಿಗೆಯಿಂದ ಹಗುರವಾಗಿ ಶುರುಮಾಡಿ, ಹಲವು ದಿನಗಳಲ್ಲಿ ಹಂಚಿ, ಒಟ್ಟು ನಾಲ್ಕರಿಂದ ಆರು ಗಂಟೆ ಬಡಿಯಬೇಕು. ಅಂಚಿಗೆ ನೇರ ಏಟು ಬೇಡ, ಓರೆಯಾಗಿ. ಕೊನೆಗೆ ಹಳೆಯ ಚೆಂಡಿನಲ್ಲಿ ಕ್ಯಾಚಿಂಗ್. ಬೆಳಗಿನ ಇಬ್ಬನಿಯ ನೀರನ್ನು ತುದಿ ಹೀರಿ ಉಬ್ಬಿ ಬಿರಿಯುತ್ತದೆ, ಅದಕ್ಕೆ ರಬ್ಬರಿನ ಟೋ ಗಾರ್ಡ್ ಅಂಟಿಸಬೇಕು. ಸೀಳು ಆಳವಿರಲಿಲ್ಲ, ಅಂಟು, ದಾರ, ಟೋ ಗಾರ್ಡ್ ಸೇರಿ ರಿಪೇರಿ 600ಕ್ಕೆ ಆಯಿತು. ಈ ವರ್ಷ ಅವನು ಆಡುವುದು ಅಕಾಡೆಮಿಯ ಸಣ್ಣ ಬ್ಯಾಟಿನಲ್ಲಿ, ಇದು ಮುಂದಕ್ಕೆ.

ಎಲ್ಲದರಲ್ಲೂ ಉಳಿಸಲು ಹೋಗಬಾರದು. ಹೆಲ್ಮೆಟ್ ಬಳಸಿದ್ದನ್ನು ಕೊಳ್ಳಬೇಡಿ. ಒಮ್ಮೆ ಬಲವಾದ ಏಟು ತಿಂದದ್ದು ಹೊರಗೆ ಚೆನ್ನಾಗಿ ಕಂಡರೂ ಒಳಗೆ ಸೋತಿರುತ್ತದೆ. ಬ್ರಿಟಿಷ್ ಸುರಕ್ಷತಾ ಮಾನದಂಡದ ಬಿಎಸ್ 7928:2013 ಎಂಬ ಗುರುತು ನೋಡಿ. ಹಣೆಯ ಮೇಲಿನ ಮುಂಚಾಚಿಗೂ ಮುಖದ ಮುಂದಿನ ಕಂಬಿಗೂ ನಡುವಿನ ಸಂದಿನಲ್ಲಿ ಚೆಂಡು ತೂರಬಾರದು. ಎಲ್ ಗಾರ್ಡ್ ಅವನದೇ ಇರಬೇಕು. ಶೂ ಎರಡು ಅಳತೆ ದೊಡ್ಡದು ಕೊಂಡರೆ ಹಿಮ್ಮಡಿಗೆ ಬೊಬ್ಬೆ ಬರುತ್ತದೆ. ಹೆಬ್ಬೆರಳಿನ ಮುಂದೆ ಒಂದು ಬೆರಳಗಲ ಸಾಕು. ಕಬ್ಬಿಣದ ಮೊಳೆಯ ಶೂ ಮ್ಯಾಟ್ ಹಾಸಿದ ಪಿಚ್ಚನ್ನು ಹರಿಯುತ್ತದೆ. ಈ ವಯಸ್ಸಿಗೆ ರಬ್ಬರ್ ಸ್ಟಡ್ ಮ್ಯಾಟ್ ಪಿಚ್ಚಿಗೂ ಮಣ್ಣಿನ ಪಿಚ್ಚಿಗೂ ನಡೆಯುತ್ತದೆ. ಪ್ಯಾಡ್, ಬ್ಯಾಗ್ ಮಾತ್ರ ಹಂಚಿಕೊಳ್ಳಲು, ಹಳೆಯದು ಕೊಳ್ಳಲು ತಕ್ಕವು.

ಹೊಸ ಲೆಕ್ಕ: ಶುಲ್ಕ 14,400, ಬಟ್ಟೆ 1,500, ರಿಪೇರಿ 600, ಗ್ಲೌಸ್ 1,000, ಶೂ 1,400, ಟೂರ್ನಿ 8,500, ಪೆಟ್ರೋಲ್ 3,500. ಒಟ್ಟು 30,900. ಮಿತಿಯೊಳಗೆ 5,100 ಕೈಯಲ್ಲುಳಿಯುತ್ತದೆ. ಹರಿದದ್ದು ಮುರಿದದ್ದಕ್ಕೆ ಅದು ಬೇಕೇ ಬೇಕು.

ಕ್ರಿಕೆಟ್ ಬಿಡಿಸಿ ಕಬಡ್ಡಿಗೋ ಖೊಖೊಗೋ ಹಾಕಿದರೆ ಹೇಗೆ ಎಂದು ತಾಯಿ ಕೇಳಿದ್ದರು. ಅವುಗಳಿಗೆ ಖರ್ಚು ಕಡಿಮೆ, ನಿಜ. ಆಯಾ ಆಟಗಳಲ್ಲಿ ಒಲವಿರುವ ಮಕ್ಕಳಿಗೆ ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆಯ ಕ್ರೀಡಾ ನಿಲಯಗಳಿವೆ. ಆಯ್ಕೆಯಾದರೆ ಊಟ, ವಸತಿ, ತರಬೇತಿ ಉಚಿತ. ಆದರೆ ಈ ಹುಡುಗನಿಗೆ ಈಗ ಆಟ ಬದಲಿಸಿದರೆ, ರನ್ ಸಾಲದೆ ಹೋದದ್ದಕ್ಕೆ ಸಿಕ್ಕ ಶಿಕ್ಷೆ ಎಂದೇ ಅವನಿಗೆ ಅನಿಸುತ್ತಿತ್ತು. ಬೇಡ ಎಂದೆವು.

ವಾಂತಿ ಐದನೇ ವಾರದ ಹೊತ್ತಿಗೆ ನಿಂತಿತು. ಮೊದಲ ಟೂರ್ನಿಯ ಹಿಂದಿನ ರಾತ್ರಿ ಒಮ್ಮೆ ಮರುಕಳಿಸಿತು. ತಂದೆ ಪಂದ್ಯ ನೋಡಲು ಹೋಗದೆ ಅಕ್ಕನನ್ನು ಕಳಿಸಿದರು, ಆಡಿ ಬಂದ. ಇಂಥ ಲಕ್ಷಣ ಶಾಲೆಯ ದಿನಗಳಿಗೂ ಹರಡಿದರೆ, ನಿದ್ದೆ-ಊಟ ಬಿಟ್ಟರೆ, ಬದುಕು ಬೇಡ ಎಂಬ ಮಾತು ಬಂದರೆ ಕಾಯಬಾರದು. ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ ಮನಸ್ 14416ಕ್ಕೆ ಕರೆ ಮಾಡಬಹುದು, ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್‌ಗೆ ಹೋಗಬಹುದು.

ಕೊನೆಯ ಭೇಟಿಯಲ್ಲಿ ಹುಡುಗ ಒಂದು ಪ್ರಶ್ನೆ ತಂದಿದ್ದ. ಬ್ಯಾಟಿಂಗ್ ಬಿಟ್ಟು ಲೆಗ್ ಸ್ಪಿನ್ ಕಲಿಯಲೇ? ಬೌಲರಿಗೆ ಕಿಟ್ ಖರ್ಚು ಕಡಿಮೆಯಲ್ಲವೇ? ತಂದೆಯ ಮುಖ ಅರಳಿತು. ತಕ್ಷಣ ಹ್ಞೂಂ ಎನ್ನಬೇಡಿ ಎಂದು ಅವರನ್ನು ತಡೆದೆವು. ಚೆಂಡು ತಿರುಗಿಸುವ ಖುಷಿಗೆ ಕೇಳುತ್ತಿದ್ದಾನೋ, ಮತ್ತೆ ಭಾಗಾಕಾರ ಶುರುವಾಗಿದೆಯೋ ತಿಳಿಯಬೇಕು. ಎರಡು ತಿಂಗಳು ಬ್ಯಾಟಿಂಗ್ ಜತೆಗೇ ನೆಟ್ಸ್‌ನಲ್ಲಿ ಬೌಲಿಂಗ್ ಮಾಡಲಿ, ಕೋಚ್ ನೋಡಲಿ, ಕಿಟ್ಟಿನ ಹೆಸರನ್ನು ಯಾರೂ ಎತ್ತದಿರಲಿ ಎಂದು ಹೇಳಿ, ಮುಂದಿನ ಭೇಟಿಯನ್ನು ಆ ಎರಡು ತಿಂಗಳ ನಂತರಕ್ಕೆ ಇಟ್ಟುಕೊಂಡಿದ್ದೇವೆ.