ನಡೆದರೆ ಹಿಡಿಯುತ್ತದೆ, ನಿಂತರೆ ಬಿಡುತ್ತದೆ: ಇದು ಬರೀ ಕಾಲುನೋವಾ?

ಪ್ರಶ್ನೆ: ನಮ್ಮ ಅಪ್ಪನಿಗೆ 58 ವರ್ಷ. ಬೈತಖೋಲ ಬಂದರಿನಲ್ಲಿ ಕೆಲಸ. ಸ್ವಲ್ಪ ದೂರ ನಡೆದರೆ ಸಾಕು, ಎಡಗಾಲಿನ ಮೀನಖಂಡ ಹಿಡಿದುಕೊಳ್ಳುತ್ತದೆ. ಎರಡು ನಿಮಿಷ ನಿಂತರೆ ಬಿಡುತ್ತದೆ. ಶುಗರ್ ಇದೆ, ದಿನಕ್ಕೊಂದು ಕಟ್ಟು ಬೀಡಿ ಸೇದುತ್ತಾರೆ. ವಾಯು ಇರಬೇಕು ಅಂತ ಎಣ್ಣೆ ತಿಕ್ಕಿ ಬಿಸಿನೀರಿನ ಶಾಖ ಕೊಡುತ್ತಿದ್ದೇವೆ. ಪಕ್ಕದ ಮನೆಯವರು ವೆರಿಕೋಸ್ ಇರಬಹುದು, ಬಿಗಿ ಕಾಲುಚೀಲ ಹಾಕಿಸಿ ಅಂತಾರೆ. ಹಾಕಿಸಬಹುದಾ?
(ಓದುಗರು, ಕಾರವಾರ)

ಉತ್ತರ: ಈಗ ಹಾಕಿಸಬೇಡಿ. ವೆರಿಕೋಸ್ ಅಂದರೆ ಕಾಲಿನಿಂದ ರಕ್ತ ವಾಪಸ್ ಒಯ್ಯುವ ನಾಳ ಉಬ್ಬಿಕೊಳ್ಳುವುದು. ಅದು ಇದ್ದರೆ ತುಂಬಾ ಹೊತ್ತು ನಿಂತಾಗ ಕಾಲು ಭಾರವಾಗುತ್ತದೆ, ಮೇಲೆತ್ತಿ ಮಲಗಿದರೆ ಹಗುರಾಗುತ್ತದೆ. ನಿಮ್ಮ ಅಪ್ಪನಿಗೆ ನಿಂತರೇ ಆರಾಮ, ಅಲ್ವಾ? ನಡೆಯುವಾಗ ಮೀನಖಂಡಕ್ಕೆ ಜಾಸ್ತಿ ರಕ್ತ ಬೇಕು. ಕಾಲಿಗೆ ರಕ್ತ ಒಯ್ಯುವ ನಾಳದೊಳಗೆ ಕೊಬ್ಬು ಕಟ್ಟಿ ದಾರಿ ಕಿರಿದಾಗಿದ್ದರೆ ಅಷ್ಟು ರಕ್ತ ತಲುಪುವುದಿಲ್ಲ. ಆ ನೋವು ಇದೇ ಇರುವ ಸಾಧ್ಯತೆ ಹೆಚ್ಚು. ಅಂಥ ಕಾಲನ್ನು ಬಿಗಿದರೆ ಸಿಗುವ ರಕ್ತವೂ ಕಡಿಮೆಯಾಗಬಹುದು.

ಈ ವಾರವೇ ಡಾಕ್ಟರಿಗೆ ತೋರಿಸಿ. ಅವರು ಪಾದದ ನಾಡಿ ಮುಟ್ಟಿ ನೋಡುತ್ತಾರೆ. ಪಾದದ ಗಂಟಿನ ಬಳಿಯ ಬಿ.ಪಿ.ಯನ್ನು ತೋಳಿನ ಬಿ.ಪಿ.ಯಿಂದ ಭಾಗಿಸಿದಾಗ 0.9 ಅಥವಾ ಅದಕ್ಕಿಂತ ಕಡಿಮೆ ಬಂದರೆ ನಾಳ ಕಿರಿದಾಗಿದೆ ಎಂದರ್ಥ. ಶುಗರ್ ಇರುವವರ ನಾಳ ಗಟ್ಟಿಯಾಗಿ ಈ ಲೆಕ್ಕ ತಪ್ಪುವುದುಂಟು. ಆಗ ನಾಳದಲ್ಲಿ ರಕ್ತ ಹೇಗೆ ಹರಿಯುತ್ತಿದೆ ಎಂದು ತೋರಿಸುವ ಡಾಪ್ಲರ್ ಸ್ಕ್ಯಾನ್ ಬೇಕಾಗುತ್ತದೆ. ಕಾಲಿನಲ್ಲಿ ಹೀಗಾದವರಿಗೆ ಹೃದಯಾಘಾತ, ಪಾರ್ಶ್ವವಾಯುವಿನ ಅಪಾಯವೂ ಜಾಸ್ತಿ. ಡಾಕ್ಟರು ಕೊಲೆಸ್ಟ್ರಾಲ್‌ಗೆ, ರಕ್ತ ಹೆಪ್ಪುಗಟ್ಟದಿರಲು ಮಾತ್ರೆ ಬರೆದರೆ ನೋವು ಕಡಿಮೆಯಾಯಿತೆಂದು ನಡುವೆ ನಿಲ್ಲಿಸಬೇಡಿ.

ಇನ್ನು ಬೀಡಿ. ಎಷ್ಟೇ ಮಾತ್ರೆ ತಿಂದರೂ ಬೀಡಿ ಬಿಡದಿದ್ದರೆ ನಾಳ ಕೆಡುತ್ತಲೇ ಹೋಗುತ್ತದೆ. ಕಾಲು ಕತ್ತರಿಸುವ ಸ್ಥಿತಿಗೆ ಬರುವವರಲ್ಲಿ ಬೀಡಿ ಮತ್ತು ಶುಗರ್ ಎರಡೂ ಇರುವವರು ಬಹಳ. ಕಡಿಮೆ ಮಾಡಿದರೆ ಸಾಲದು, ಪೂರ್ತಿ ಬಿಡಬೇಕು. ನಮ್ಮ ಕಡೆ ಬೀಡಿ ಬಿಟ್ಟವರು ಕವಳಕ್ಕೆ ತಂಬಾಕು ಜಾಸ್ತಿ ಹಾಕಲು ಶುರುಮಾಡುತ್ತಾರೆ. ಅದೂ ಬೇಡ. ಅದರ ನಿಕೋಟಿನ್ ಕೂಡ ನಾಳವನ್ನು ಬಿಗಿಯುತ್ತದೆ. ಅಪ್ಪನಿಗೆ ಬೈಯಬೇಡಿ. ಚಟ ಬಿಡುವುದು ನಿಜಕ್ಕೂ ಕಷ್ಟ, ಅದಕ್ಕೂ ಔಷಧಿ ಇದೆ, ಕೇಳಿ.

ನೋವು ಬರುತ್ತದೆಂದು ಸುಮ್ನೆ ಕೂರಿಸುವುದೂ ತಪ್ಪು. ಪಾದದಲ್ಲಿ ಗಾಯವಿಲ್ಲದಿದ್ದರೆ, ಡಾಕ್ಟರು ಒಪ್ಪಿದ ಮೇಲೆ ನಡಿಗೆಯೇ ದೊಡ್ಡ ಔಷಧಿ. ಟ್ಯಾಗೋರ್ ಬೀಚಿನ ಕಡೆ ಸಮತಟ್ಟಾದ ದಾರಿಯಲ್ಲಿ ನಡೆಯಲಿ. ನೋವು ಜೋರಾದಾಗ ನಿಲ್ಲಲಿ, ಹೋದ ಮೇಲೆ ಮತ್ತೆ ಹೆಜ್ಜೆ ಹಾಕಲಿ. ಹೀಗೆ 30ರಿಂದ 45 ನಿಮಿಷ, ವಾರಕ್ಕೆ ಕನಿಷ್ಠ 3 ದಿನ. ಸುಮಾರು 12 ವಾರಗಳಲ್ಲಿ ನೋವಿಲ್ಲದೆ ನಡೆಯುವ ದೂರ ಸಾಮಾನ್ಯವಾಗಿ ಹೆಚ್ಚುತ್ತದೆ.

ಬಿಸಿನೀರಿನ ಶಾಖ ನಿಲ್ಲಿಸಿ. ಶುಗರ್‌ನಿಂದ ಪಾದ ಮರಗಟ್ಟಿದ್ದರೆ ಸುಟ್ಟದ್ದೂ ತಿಳಿಯುವುದಿಲ್ಲ, ರಕ್ತ ಕಡಿಮೆ ಇರುವ ಕಾಲಿನಲ್ಲಿ ಆ ಗಾಯ ಮಾಯುವುದೂ ಇಲ್ಲ. ಬರಿಗಾಲಲ್ಲಿ ಕೆಲಸ ಬೇಡ. ಮೀನಿನ ಮುಳ್ಳು ಚುಚ್ಚಿದೆಯಾ ಎಂದು ರಾತ್ರಿ ಪಾದ ನೋಡಿಕೊಳ್ಳಲಿ.

ಮಲಗಿದ್ದಾಗಲೂ ಪಾದ ನೋಯತೊಡಗಿದರೆ ಅಥವಾ ಬೆರಳು ಕಪ್ಪಾದರೆ ತಡಮಾಡಬೇಡಿ. ಕಾಲು ದಿಢೀರನೆ ತಣ್ಣಗಾಗಿ, ಬಿಳಚಿ, ವಿಪರೀತ ನೋವಾದರೆ ಅದು ತುರ್ತು. ಕೆಲವೇ ಗಂಟೆಗಳಲ್ಲಿ ರಕ್ತ ಮತ್ತೆ ಹರಿಯದಿದ್ದರೆ ಕಾಲು ಉಳಿಯದೆ ಹೋಗಬಹುದು. ರಕ್ತನಾಳದ ಸರ್ಜನ್‌ಗಾಗಿ ದೂರದ ಊರಿಗೆ ಹೋಗಬೇಕಾಗಬಹುದು. ಹಾಗಾಗಿ ಬೆಳಗಾಗಲಿ ಎಂದು ಕಾಯದೆ 108ಕ್ಕೆ ಫೋನ್ ಮಾಡಿ.