ಓದುಗರ ಪ್ರಶ್ನೆ, ನಮ್ಮ ಉತ್ತರ: ಅರ್ಧ ತೆರಿಗೆಯ ಆರ್ಚ್‌ಬಿಷಪ್

ಪ್ರಶ್ನೆ: ಬಿಷಪ್ಪರಿಗೆ ರಾಜಕೀಯ ಯಾಕೆ ಬೇಕು? ಪೂಜೆ ಮಾಡಿಕೊಂಡು ಸುಮ್ನೆ ಇರಬಾರದೇ?

ಉತ್ತರ: ಕ್ಯಾಥೊಲಿಕ್ ಪಾದ್ರಿಗಳು ಸರ್ಕಾರಿ ಅಧಿಕಾರ ಹಿಡಿಯುವಂತಿಲ್ಲ. ಅಮೆರಿಕದ ಸಂಸತ್ತಿನಲ್ಲಿದ್ದ ರಾಬರ್ಟ್ ಡ್ರೈನನ್ ಎಂಬ ಪಾದ್ರಿ, ಪೋಪರ ಆದೇಶ ಬಂತೆಂದು 1980ರಲ್ಲಿ ಮತ್ತೆ ಚುನಾವಣೆಗೆ ನಿಲ್ಲಲಿಲ್ಲ. ಆದರೆ ಚರ್ಚು ಬೇಡ ಅಂದದ್ದು ಕುರ್ಚಿಯನ್ನು. ಬಾಯಿ ಮುಚ್ಚಿಕೊಂಡಿರಿ ಅಂದಿಲ್ಲ.

ಪ್ರಶ್ನೆ: ಮಾತಾಡೋದು ಸುಲಭ. ಆಡಿದ ಹಾಗೆ ನಡೆದ ಒಬ್ಬ ಬಿಷಪ್ಪರನ್ನಾದರೂ ತೋರಿಸಿ, ನೋಡೋಣ.

ಉತ್ತರ: ರೇಮಂಡ್ ಹಂಟ್‌ಹೌಸನ್. 1975ರಿಂದ 1991ರವರೆಗೆ ಅಮೆರಿಕದ ಸಿಯಾಟಲ್ ನಗರದ ಆರ್ಚ್‌ಬಿಷಪ್, ಅಂದರೆ ಹಿರಿಯ ಬಿಷಪ್. ಅವರ ಊರಿನಿಂದ ಪ್ಯೂಜೆಟ್ ಸೌಂಡ್ ಎಂಬ ಕಡಲ ತೋಳು ದಾಟಿದರೆ ಬ್ಯಾಂಗರ್. ಅಲ್ಲಿ ಟ್ರೈಡೆಂಟ್ ಸಬ್‌ಮರೀನುಗಳಿಗೆಂದು ನೌಕಾನೆಲೆ ಎದ್ದಿತ್ತು. ಆಗ ಒಂದೊಂದರ ಹೊಟ್ಟೆಯಲ್ಲೂ 24 ಕ್ಷಿಪಣಿ, ಎಲ್ಲಕ್ಕೂ ಅಣುಬಾಂಬು. 1981ರ ಜೂನ್‌ನಲ್ಲಿ ಟಕೋಮಾದಲ್ಲಿ ಲೂಥರನ್ (ಪ್ರಾಟೆಸ್ಟಂಟ್ ಪಂಗಡ) ಸಭೆಯೊಂದು ಇವರನ್ನು ಮಾತಿಗೆ ಕರೆದಿತ್ತು. ಟ್ರೈಡೆಂಟ್ ಅಂದರೆ ಪ್ಯೂಜೆಟ್ ಸೌಂಡ್‌ನ ಆಶ್ವಿಟ್ಜ್ (ನಾಜಿಗಳ ಕೊಲೆ ಶಿಬಿರ) ಅಂದುಬಿಟ್ಟರು! ಜನ ಅರ್ಧ ತೆರಿಗೆ ಕಟ್ಟದೆ ಪ್ರತಿಭಟಿಸಬಹುದಲ್ಲ ಅಂತಲೂ ಹೇಳಿದರು.

ಭಾಷಣ ಅಲ್ಲಿಗೇ ಮುಗಿದಿದ್ದರೆ ನಾನು ಅವರ ಹೆಸರು ಎತ್ತುತ್ತಿರಲಿಲ್ಲ. 1982ರ ಜನವರಿಯಲ್ಲಿ ಅವರು ತಮ್ಮ ಆದಾಯ ತೆರಿಗೆಯಲ್ಲೇ ಅರ್ಧ ತಡೆಹಿಡಿಯುವುದಾಗಿ ಭಕ್ತರಿಗೆ ಪತ್ರ ಬರೆದರು. ಕದ್ದುಮುಚ್ಚಿ ಮಾಡಲಿಲ್ಲ. ನೀವೂ ಹೀಗೇ ಮಾಡಿ ಎಂದು ಯಾರ ಮೇಲೂ ಹೇರಲಿಲ್ಲ. ತೆರಿಗೆ ಇಲಾಖೆ ಬಿಟ್ಟೀತೇ? ಅವರ ಸಂಬಳದಿಂದಲೇ ಬಾಕಿ ಕಿತ್ತುಕೊಂಡಿತು. ಇನ್ನೊಂದು ಕಷ್ಟ ನೋಡಿ. ಅದೇ ನೆಲೆಯಲ್ಲಿ ದುಡಿದು ಸಂಬಳ ಎಣಿಸುವವರು ಭಾನುವಾರ ಇವರದೇ ಚರ್ಚುಗಳಿಗೆ ಬಂದು ಕೂರುತ್ತಿದ್ದರು.

ಪ್ರಶ್ನೆ: ಅದಕ್ಕೇ ವ್ಯಾಟಿಕನ್ ಅವರ ರೆಕ್ಕೆ ಕತ್ತರಿಸಿತು, ಅಲ್ವಾ?

ಉತ್ತರ: ಕತ್ತರಿಸಿದ್ದು ಹೌದು. ಕಾರಣ ಮಾತ್ರ ಬೇರೆ ಕೊಟ್ಟರು. 1983ರಲ್ಲಿ ವಾಷಿಂಗ್ಟನ್‌ನ ಆರ್ಚ್‌ಬಿಷಪ್ ಜೇಮ್ಸ್ ಹಿಕಿ ವ್ಯಾಟಿಕನ್ ಪರವಾಗಿ ವಿಚಾರಣೆ ನಡೆಸಲು ಬಂದರು. ಕೆದಕಿದ್ದೆಲ್ಲ ಒಳಮನೆಯ ವಿಷಯ: ಮದುವೆ ರದ್ದತಿಯ ಪ್ರಕರಣಗಳು, ಕ್ಯಾಥೊಲಿಕ್ ಆಸ್ಪತ್ರೆಗಳಲ್ಲಿ ಮಕ್ಕಳಾಗದಂತೆ ಮಾಡುವ ಆಪರೇಷನ್ನು, ಸಲಿಂಗಿ ಕ್ಯಾಥೊಲಿಕರ ಗುಂಪಿಗೆ ಕೆಥೆಡ್ರಲ್‌ನಲ್ಲಿ (ಬಿಷಪ್ಪರ ಮುಖ್ಯ ಚರ್ಚು) ಬಲಿಪೂಜೆಗೆ, ಅಂದರೆ ಮಾಸ್‌ಗೆ, ಜಾಗ ಕೊಟ್ಟದ್ದು. ಕೊನೆಗೆ ಡೊನಾಲ್ಡ್ ವರ್ಲ್ ಎಂಬ ಸಹಾಯಕ ಬಿಷಪ್ಪರನ್ನು ಕಳಿಸಿ, ಇಂಥ ಕೆಲವು ವಿಷಯಗಳಲ್ಲಿ ಕೊನೆಯ ಮಾತು ವರ್ಲ್ ಅವರದ್ದೇ ಅಂದರು. 1986ರಲ್ಲಿ ಗುಟ್ಟು ಹೊರಬಿತ್ತು, ಸಿಯಾಟಲ್‌ನ ಜನ ಕೆರಳಿದರು. 1987ರಲ್ಲಿ ಹಂಟ್‌ಹೌಸನ್‌ಗೆ ಅಧಿಕಾರ ವಾಪಸ್ ಬಂತು.

ಬಾಂಬಿನ ವಿಷಯಕ್ಕೆ ಅವರನ್ನು ಹಿಡಿಯುವುದು ಕಷ್ಟವಿತ್ತು ಬಿಡಿ. 1983ರಲ್ಲಿ ಅಮೆರಿಕದ ಬಿಷಪ್ಪರೆಲ್ಲ ಸೇರಿ ಅಣ್ವಸ್ತ್ರ ಪೈಪೋಟಿಯನ್ನು ಖಂಡಿಸಿ ಪತ್ರ ಹೊರಡಿಸಿದ್ದರು. ಆದರೂ ಬಾಂಬಿನ ತಂಟೆಗೆ ಹೋಗದ ಬಿಷಪ್ಪರಾಗಿದ್ದರೆ ಅವರ ಕಡತಗಳನ್ನು ಇಷ್ಟು ಜಾಲಾಡುತ್ತಿದ್ದರೇ? ನನಗಂತೂ ಅನುಮಾನ.

ಪ್ರಶ್ನೆ: ಅವರ ಮಾತನ್ನೆಲ್ಲ ನೀವು ಒಪ್ಪುತ್ತೀರಾ?

ಉತ್ತರ: ಇಲ್ಲ. ಆಶ್ವಿಟ್ಜ್ ಎಂದದ್ದು ಜಾಸ್ತಿ ಆಯ್ತು. ಅಲ್ಲಿ ಲಕ್ಷಾಂತರ ಜನರನ್ನು ನಿಜಕ್ಕೂ ಕೊಂದಿದ್ದಾರೆ. ತೆರಿಗೆ ವಿಷಯದಲ್ಲಿ ಮಾತ್ರ ನಾನು ಅವರ ಕಡೆ. ಕೈಯಿಂದ ಕಳೆದುಕೊಂಡು ಆಡಿದ ಮಾತು ಅದು.

ಪ್ರಶ್ನೆ: ಹಾಗಾದರೆ ನಾನೂ ಈ ವರ್ಷ ಅರ್ಧ ತೆರಿಗೆ ಉಳಿಸಿಕೊಳ್ಳಲೇ?

ಉತ್ತರ: ಮೊದಲು ಅವರ ಹಾಗೆ ಊರಿಗೆಲ್ಲ ತಿಳಿಯುವಂತೆ ಪತ್ರ ಬರೆಯಿರಿ. ಆಮೇಲೂ ಧೈರ್ಯ ಉಳಿದಿದ್ದರೆ ನೋಡೋಣ.