ಮೂಗಿನ ಪಕ್ಕದ ಗೆರೆಗೆ ಪಾರ್ಲರ್‌ನಲ್ಲಿ ಫಿಲ್ಲರ್ ಹಾಕಿಸ್ಕೋಬಹುದಾ?

ತಮ್ಮನ ಮದುವೆಗೆ ಹದಿನೈದೇ ದಿನ, ಪಾರ್ಲರ್‌ನೋರು ಅರ್ಧ ರೇಟಿಗೆ ಮಾಡ್ತಾರಂತೆ, ಸ್ನಾಯು ಸಡಿಲ ಮಾಡೋ ಬೊಟಾಕ್ಸ್ ಇಂಜೆಕ್ಷನ್ ಮೇಲಾ, ಚರ್ಮದಡಿ ತುಂಬೋ ಫಿಲ್ಲರ್ ಇಂಜೆಕ್ಷನ್ ಮೇಲಾ ಅಂತ ಕೇಳಿದೀರಲ್ಲ, ಓದ್ತಿದ್ದಂಗೆ ನನ್ನ ಕೈ ಬಲಗೆನ್ನೆಗೆ ಹೋಯ್ತು. ನನ್ನದೂ ಇದೇ ಕಥೆ, ತಮ್ಮನ ಬದಲು ಮಗಳ ಎಂಗೇಜ್‌ಮೆಂಟು ಅಷ್ಟೇ.

ಹನ್ನೆರಡು ವರ್ಷದಿಂದ ಐಬ್ರೋ ಮಾಡಿಸ್ತಿದ್ದ ಪಾರ್ಲರ್ರು. 'ಆಂಟಿ, ಭಾನುವಾರ ಬಾಂಬೆಯಿಂದ ಡಾಕ್ಟ್ರು ಬರ್ತಾರೆ, ಅರ್ಧ ಗಂಟೇಲಿ ಗೆರೆ ಮಾಯ' ಅಂದ್ಲು ಹುಡುಗಿ. ಫೇಶಿಯಲ್ ಮಾಡೋ ಅದೇ ಕುರ್ಚಿ, ಮರಗಟ್ಟೋ ಕ್ರೀಮ್ ಹಚ್ಚಿ ಕೂರ್ಸಿದ್ರು, ನಾನು ಫೋನಲ್ಲಿ ಅಡುಗೆಭಟ್ರ ಹತ್ರ ಹೋಳಿಗೆ ಲೆಕ್ಕ ಮಾತಾಡ್ತಾ ಇದ್ದೆ, ಅಷ್ಟ್ರಲ್ಲಿ ಸ್ಟೀಲ್ ಟ್ರೇಲಿ ಸಿರಿಂಜ್ ಬಂತು. ಬರೀ ಸಿರಿಂಜ್, ಡಬ್ಬಿ ಇಲ್ಲ ಕವರ್ ಇಲ್ಲ.

ನಾನು ಕೇಳ್ಲಿಲ್ಲ. ಹಾಲಿನ ಪ್ಯಾಕೆಟ್ ಮೇಲೂ ಡೇಟ್ ನೋಡೋಳು, ಮುಖದೊಳಗೆ ಹೋಗೋದು ಏನು ಅಂತ ಕೇಳ್ಲಿಲ್ಲ. ಫಿಲ್ಲರ್ ಅಂದ್ರೆ ಎಲ್ಲಾ ಒಂದೇ ಅನ್ಕೊಂಡಿದ್ದೆ. ಜುವಿಡರ್ಮ್, ರೆಸ್ಟಿಲೇನ್ ಥರದವು ಹೈಲುರಾನಿಕ್ ಆಸಿಡ್ ಜೆಲ್ಲು, ನಮ್ಮ ಚರ್ಮದಲ್ಲೇ ಇರೋ ನೀರು ಹಿಡಿಯೋ ವಸ್ತು, ಸಾಮಾನ್ಯವಾಗಿ 6ರಿಂದ 18 ತಿಂಗಳಲ್ಲಿ ಕರಗುತ್ತೆ, ಹೆಚ್ಚುಕಮ್ಮಿ ಆದ್ರೆ ಹೈಲುರಾನಿಡೇಸ್ ಅಂತ ಇಂಜೆಕ್ಷನ್ ಕೊಟ್ಟು ಬೇಗ ಕರಗಿಸ್ತಾರೆ. ರೇಡಿಯೆಸ್ ಥರ ಕ್ಯಾಲ್ಸಿಯಂ ಇರೋವು, ಇಲ್ಲಾ ಕಳ್ಳಮಾಲು ಸಿಲಿಕೋನು, ಇವಕ್ಕೆ ಆ ಇಂಜೆಕ್ಷನ್ ಕೆಲ್ಸ ಮಾಡಲ್ಲ. ಅಸಲಿ ಡಬ್ಬಿಯೊಳಗೆ ಲಾಟ್ (ಬ್ಯಾಚ್) ನಂಬರ್ ಇರೋ ಸ್ಟಿಕ್ಕರ್ ಇರುತ್ತೆ, ಫೈಲಿಗೆ ಅಂಟ್ಸೋಕೆ ಅಂತಾನೇ. ಅದನ್ನ ಇಸ್ಕೊಳ್ಳೋಕೆ ಐದು ಪೈಸೆ ಖರ್ಚಿರ್ಲಿಲ್ಲ ನಂಗೆ.

ಅವತ್ತು ಕನ್ನಡಿ ನೋಡಿ ಕುಣಿದಾಡಿದ್ದೇ, ಇಸ್ತ್ರಿ ಹೊಡ್ದಂಗಿತ್ತು ಮುಖ. ಮಾರನೇ ದಿನ ಊತ, ಸರಿ ಇಳಿಯುತ್ತೆ ಅಂದ್ರು, ಎಡಗಡೆ ಇಳೀತು. ಬಲಗಡೆ ಕಡಲೆಕಾಳಿನಷ್ಟು ಗಂಟು ನಿಂತ್ಬಿಡ್ತು. ಎಂಗೇಜ್‌ಮೆಂಟಲ್ಲಿ ಬೀಗಿತ್ತಿ 'ಹಲ್ಲು ನೋವಾ?' ಅಂದ್ರು, ಹೂಂ ಅಂದೆ.

ಚರ್ಮದ ಡಾಕ್ಟ್ರು ಮುಟ್ಟೋಕೂ ಮುಂಚೆ ಕೇಳಿದ್ದು 'ಏನ್ ಹಾಕಿದಾರೆ?' ಅಂತ. ಪಾರ್ಲರಿಗೆ ಫೋನ್ ಮಾಡಿದ್ರೆ 'ಇಂಪೋರ್ಟೆಡ್ಡು ಆಂಟಿ' ಅಂತ ಅಷ್ಟೇ. ಹೈಲುರಾನಿಡೇಸ್ ಎರಡು ಸಲ ಕೊಟ್ಟು ನೋಡಿದ್ರು, ಗಂಟು ಜಪ್ಪಯ್ಯ ಅನ್ಲಿಲ್ಲ. ಆಮೇಲೆ ಸ್ಟೆರಾಯ್ಡ್ ಇಂಜೆಕ್ಷನ್ನು, ಎಂಟು ತಿಂಗಳು ಅಲೆದಾಟ. ಡಾಕ್ಟ್ರು 'ನಿಮ್ದು ಅದೃಷ್ಟ, ರಕ್ತನಾಳಕ್ಕೆ ಹೋಗಿದ್ರೆ ಚರ್ಮ ಬಿಳಚಿ ಕೊಳೀತಿತ್ತು, ಅಪರೂಪಕ್ಕೆ ಕಣ್ಣೇ ಹೋಗುತ್ತೆ, ಆಗ ತಕ್ಷಣ ಮದ್ದು ಬೀಳ್ಬೇಕು' ಅಂದ್ರು. ಆ ಫೇಶಿಯಲ್ ಕುರ್ಚಿ ಹತ್ರ ಯಾವ ಮದ್ದಿತ್ತು ಹೇಳಿ.

ಬೊಟಾಕ್ಸಾ ಫಿಲ್ಲರ್ರಾ ಅನ್ನೋ ನಿಮ್ಮ ಪ್ರಶ್ನೇನೇ ಸರಿ ಇಲ್ಲ ಅನ್ಸುತ್ತೆ ನಂಗೆ. ಹುಬ್ಬು ಗಂಟಿಕ್ಕಿದಾಗ ಬೀಳೋ ಗೆರೆಗೆ ಬೊಟಾಕ್ಸು, ಸುಮ್ನೆ ಕೂತಾಗ್ಲೂ ಇರೋ ತಗ್ಗಿಗೆ ಫಿಲ್ಲರ್ರು, ಅದನ್ನ ಡಾಕ್ಟ್ರು ನೋಡಿ ಹೇಳ್ತಾರೆ. ನೀವು ಕೇಳ್ಬೇಕಾಗಿರೋದು ಸಿರಿಂಜಲ್ಲಿ ಏನಿದೆ, ಹಾಕೋರು ಯಾರು, ಕೆಟ್ರೆ ಕರಗಿಸೋಕೆ ಮದ್ದು ಅಲ್ಲೇ ಇಟ್ಟಿದಾರಾ ಅಂತ. ಮತ್ತೆ ಹದಿನೈದು ದಿನಕ್ಕೆ ಬೇಡ್ವೇ ಬೇಡ, ಊತ, ಚರ್ಮ ಕಂದಿದ್ದು ಎಲ್ಲಾ ಇಳಿದು ಮುಖ ಮುಖದ ಥರ ಆಗೋಕೆ ಟೈಮ್ ಬಿಡಿ, ಮದುವೆ ಮುಗಿಸ್ಕೊಂಡು ಯೋಚ್ನೆ ಮಾಡಿ.

ಫಿಲ್ಲರ್ ವಿರೋಧಿ ಅಲ್ಲ ನಾನು. ನಮ್ಮ ನಾದಿನಿ ಹೋದ ವರ್ಷ ಹಾಕಿಸ್ಕೊಂಡ್ಲು, ಸ್ಕಿನ್ ಸ್ಪೆಷಲಿಸ್ಟ್ ಹತ್ರ, ನಾನೇ ಜೊತೇಲಿ ಹೋಗಿ ಡಬ್ಬಿ ಕಣ್ಮುಂದೆ ಒಡೆಸ್ದೆ. ಸ್ಟಿಕ್ಕರ್ರು ಅವ್ಳ ಡೈರೀಲಿ ಹಾಲಿನ ಲೆಕ್ಕದ ಪಕ್ಕ ಅಂಟ್ಕೊಂಡಿದೆ. ನನ್ನ ಗಂಟು ಹೊರಗೆ ಕಾಣಲ್ಲ ಈಗ, ಹಲ್ಲುಜ್ಜುವಾಗ ನಾಲಿಗೆಗೆ ಸಿಗುತ್ತೆ.